ಒಬ್ಬನಿಲ್ಲದ ಜೋಡಿಯ ಯುದ್ಧವರದಿ

ನ್ಯೂಯಾರ್ಕ್ ಮಹಾನಗರದ ಕ್ವೀನ್ಸ್ ವಿಭಾಗದ ಯಾವ ನಕಾಶೆಯಲ್ಲಿಯೂ ಇರಾಕ್ ಎಂಬ ಬಡಾವಣೆಯಿಲ್ಲ. ಕುವೈತ್ ಎಂಬ ಬಡಾವಣೆಯೂ ಇಲ್ಲ. ಆದರೆ ೧೯೯೦ರ ದಶಕದ ನಡುಭಾಗದಲ್ಲಿ ಅಲ್ಲಿನ ಕೆಲವು ಯುವಕರು ತಾವು ಬೆಳೆದ ವಸತಿ ಸಮುಚ್ಚಯಗಳನ್ನು ಈ ಹೆಸರುಗಳಿಂದಲೇ ಕರೆಯುತ್ತಿದ್ದರು. ಲೆಫ್ರಾಕ್ ಸಿಟಿ ಅವರ ಬಾಯಲ್ಲಿ ಇರಾಕ್ ಆಗಿತ್ತು. ಕ್ವೀನ್ಸ್‌ಬ್ರಿಜ್ ಕುವೈತ್ ಆಗಿತ್ತು. ಲೆಫ್ರಾಕ್ ಮತ್ತು ಇರಾಕ್ ಎಂಬ ಪದಗಳ ನಡುವೆ ಒಂದು ಅಂತ್ಯಪ್ರಾಸವಿದೆ. ಪ್ರಾಸದ ಆಕರ್ಷಣೆಯಿಂದ ಹುಟ್ಟಿದ ಹೆಸರು ಕ್ರಮೇಣ ಬದುಕಿನ ವ್ಯಾಖ್ಯಾನವೇ ಆಗಿಬಿಡುವುದು ಮೌಖಿಕ ಪರಂಪರೆಗಳನ್ನು ಬಲ್ಲವರಿಗೆ ಹೊಸದಲ್ಲ. ಆದರೂ ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಅಮೆರಿಕದ ಅತಿ ದೊಡ್ಡ ನಗರದಲ್ಲಿ ಹುಟ್ಟಿದವರು ಅಮೆರಿಕ ಬಾಂಬು ಹಾಕಿದ ದೇಶದ ಹೆಸರನ್ನು ತಮ್ಮ ಮನೆಗೆ ಏಕೆ ಇಟ್ಟುಕೊಂಡರು?

ಈ ಹೆಸರುಗಳನ್ನು ಹೊರಲೋಕಕ್ಕೆ ತಲುಪಿಸಿದ್ದು ‘ದಿ ವಾರ್ ರಿಪೋರ್ಟ್’ ಎಂಬ ಧ್ವನಿಮುದ್ರಿಕೆ. ‘ಯುದ್ಧವರದಿ’ ಎಂದು ಇದನ್ನು ಕನ್ನಡಿಸಬಹುದು. ೧೯೯೭ರ ಜೂನ್ ೧೭ರಂದು ಪೆನಾಲ್ಟಿ ರೆಕಾರ್ಡಿಂಗ್ಸ್ ಸಂಸ್ಥೆಯಿಂದ ಹೊರಬಂದ ಇದು ಕಪೋನ್ ಮತ್ತು ನೋರಿಯಾಗ ಎಂಬ ರ‍್ಯಾಪ್ ಜೋಡಿಯ ಮೊದಲ ಆಲ್ಬಂ. ಹಿಪ್ ಹಾಪ್‌ನೊಳಗೆ ‘ಹಾರ್ಡ್‌ಕೋರ್’ ಎಂದು ಗುರುತಿಸಲಾಗುವ ಬಗೆಗೆ ಇದು ಸೇರುತ್ತದೆ. ಕುಣಿತಕ್ಕೂ ಬಾನುಲಿಗೂ ಸುಲಭವಾಗಿ ಒಲಿಯದ, ಬೀದಿಯ ಕಾಠಿಣ್ಯವನ್ನು ಕಠಿಣವಾಗಿಯೇ ನುಡಿಯುವ ಬಗೆ ಅದು. ದೊಡ್ಡ ಪ್ರಚಾರವಿಲ್ಲದೆಯೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಂ ೨೧ನೆಯ ಸ್ಥಾನದವರೆಗೆ ಏರಿತು. ಮುಂದೆ ಆ ದಶಕದ ನ್ಯೂಯಾರ್ಕ್ ರ‍್ಯಾಪ್‌ನ ಚರ್ಚೆ ಬಂದಲ್ಲೆಲ್ಲ ಮತ್ತೆ ಮತ್ತೆ ನೆನೆಯಲಾಗುವ ಕೃತಿಯಾಯಿತು. ಇದನ್ನು ಹಿಂಸೆಯ ವೈಭವೀಕರಣವೆಂದು ತಳ್ಳಿಹಾಕುವುದು ಸುಲಭ. ದಮನಿತರ ಪ್ರತಿರೋಧವೆಂದು ಕೊಂಡಾಡಿಬಿಡುವುದೂ ಅಷ್ಟೇ ಸುಲಭ. ಯುದ್ಧವೆಂಬ ರೂಪಕ ಈ ಕೃತಿಯಲ್ಲಿ ಎಲ್ಲಿ ನಿಜವಾಗುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಹುಡುಕುವುದು ಅದಕ್ಕಿಂತ ಕಷ್ಟದ, ಆದರೆ ಹೆಚ್ಚು ಫಲದಾಯಕವಾದ ಓದು.

ಮೊದಲು ನೆಲವನ್ನು ನೋಡಬೇಕು. ಕ್ವೀನ್ಸ್‌ಬ್ರಿಜ್ ವಸತಿಗಳು ತೆರೆದದ್ದು ೧೯೩೯ರಲ್ಲಿ. ಬಡವರಿಗೆ ಗಾಳಿ ಬೆಳಕುಗಳಿರುವ ಮನೆಗಳನ್ನು ಕೊಡಬೇಕೆಂಬ ಆರ್ಥಿಕ ಮುಗ್ಗಟ್ಟಿನ ಕಾಲದ ಆದರ್ಶದ ಫಲವಾಗಿ, ಪಕ್ಕದ ಸೇತುವೆಯ ಹೆಸರು ಹೊತ್ತು ಎದ್ದುನಿಂತ ೯೬ ಕಟ್ಟಡಗಳು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು. ಉತ್ತರ ಅಮೆರಿಕದ ಅತಿ ದೊಡ್ಡ ಸಾರ್ವಜನಿಕ ವಸತಿ ಸಮುಚ್ಚಯ ಇದು. ಲೆಫ್ರಾಕ್ ಸಿಟಿಯ ಕಥೆ ಬೇರೆ. ಖಾಸಗಿ ಉದ್ಯಮಿಯೊಬ್ಬ ೧೯೬೦ರ ದಶಕದಲ್ಲಿ ಮಧ್ಯಮ ವರ್ಗದ ಬಾಡಿಗೆದಾರರಿಗಾಗಿ ಕಟ್ಟಿಸಿದ ಇಪ್ಪತ್ತು ಗೋಪುರಗಳ ಸಾಲು ಅದು. ಒಂದು ಸರ್ಕಾರದ ಕನಸು, ಇನ್ನೊಂದು ಮಾರುಕಟ್ಟೆಯ ಕನಸು. ೧೯೮೦ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ನಗರವನ್ನು ಹೊಕ್ಕಾಗ ಎರಡೂ ಕಡೆಯ ಮಕ್ಕಳಿಗೆ ಒಂದೇ ಬಗೆಯ ಬೀದಿ ದೊರೆಯಿತು. ಕಪೋನ್ ಕ್ವೀನ್ಸ್‌ಬ್ರಿಜ್‌ನವನು, ನೋರಿಯಾಗ ಲೆಫ್ರಾಕ್‌ನವನು. ಪೋರ್ಟೊರಿಕೊ ಮೂಲದ ತಂದೆಗೂ ಆಫ್ರಿಕನ್-ಅಮೆರಿಕನ್ ತಾಯಿಗೂ ಹುಟ್ಟಿದ ನೋರಿಯಾಗನ ನಿಜನಾಮ ವಿಕ್ಟರ್ ಸ್ಯಾಂಟಿಯಾಗೊ. ಕಪೋನ್‌ನ ನಿಜನಾಮ ಕಿಯಾಮ್ ಹಾಲಿ.

ಒಂದೇ ನಗರಭಾಗದ ಈ ಇಬ್ಬರು ಪರಸ್ಪರ ಪರಿಚಿತರಾದದ್ದು ಕ್ವೀನ್ಸ್‌ನಲ್ಲಲ್ಲ, ಜೈಲಿನಲ್ಲಿ. ೧೯೯೦ರ ದಶಕದ ಆರಂಭದಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ನ್ಯೂಯಾರ್ಕ್ ರಾಜ್ಯದ ಸೆರೆಮನೆಯಲ್ಲಿ ಅವರ ಗೆಳೆತನ ಬೆಳೆಯಿತು. ಇದು ಅವರ ವೈಯಕ್ತಿಕ ಚರಿತ್ರೆಯ ಆಕಸ್ಮಿಕ ಮಾತ್ರವಲ್ಲ. ರಾಜ್ಯಪಾಲ ನೆಲ್ಸನ್ ರಾಕ್‌ಫೆಲರ್ ೧೯೭೩ರಲ್ಲಿ ಜಾರಿಗೆ ತಂದ ಮಾದಕವಸ್ತು ಕಾಯಿದೆಗಳು ಕೆಲವೇ ಔನ್ಸುಗಳ ಸರಕಿಗೂ ಹದಿನೈದು ವರ್ಷದಿಂದ ಜೀವಾವಧಿಯವರೆಗಿನ ಸೆರೆಯನ್ನು ವಿಧಿಸಿದವು. ಆ ವರ್ಷ ಸುಮಾರು ಹನ್ನೆರಡೂವರೆ ಸಾವಿರದಷ್ಟಿದ್ದ ರಾಜ್ಯದ ಕೈದಿಗಳ ಸಂಖ್ಯೆ ೧೯೯೦ರ ದಶಕದ ಕೊನೆಗೆ ಎಪ್ಪತ್ತು ಸಾವಿರವನ್ನು ಮೀರಿತು. ಈ ಆಲ್ಬಂ ಬಂದ ವರ್ಷ ಇಡೀ ಅಮೆರಿಕದಲ್ಲಿ ಸೆರೆಯಲ್ಲಿದ್ದವರು ಸುಮಾರು ಹದಿನೇಳು ಲಕ್ಷ. ನಗರದ ಮಕ್ಕಳನ್ನು ತುಂಬಿಕೊಳ್ಳಲು ಹೊಸ ಸೆರೆಮನೆಗಳು ಎದ್ದದ್ದು ನಗರದಿಂದ ದೂರದ ಗ್ರಾಮೀಣ ಪ್ರದೇಶಗಳಲ್ಲಿ. ಮಗನನ್ನು ನೋಡಬೇಕಾದ ತಾಯಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಬೇಕಾಗಿತ್ತು. ಹಾಗಾಗಿ ಕ್ವೀನ್ಸ್‌ನ ಎರಡು ಬಡಾವಣೆಗಳ ಹುಡುಗರು ಸೆರೆಮನೆಯಲ್ಲಿ ಭೇಟಿಯಾದದ್ದರಲ್ಲಿ ಅಚ್ಚರಿಯಿಲ್ಲ. ಆ ತಲೆಮಾರಿನ ಅನೇಕರಿಗೆ ಜೈಲೇ ಊರ ನಡುವಿನ ಕಟ್ಟೆಯಾಗಿತ್ತು.

ಇನ್ನು ಅವರು ಧರಿಸಿದ ಹೆಸರುಗಳು. ಕನ್ನಡ ವಚನ ಪರಂಪರೆಯಲ್ಲಿ ಅಂಕಿತವೆಂಬುದು ವಚನಕಾರನ ಹೆಸರಲ್ಲ, ಅವನ ಇಷ್ಟದೈವದ ಹೆಸರು. ಮಾತಿನ ಅಧಿಕಾರವನ್ನು ತನ್ನಿಂದಾಚೆಗೆ ಒಪ್ಪಿಸಿಬಿಡುವ ವಿನಯ ಅದರಲ್ಲಿದೆ. ರ‍್ಯಾಪ್ ಗಾಯಕನ ಹೆಸರು ಇದಕ್ಕೆ ತದ್ವಿರುದ್ಧವಾದುದು, ಅದು ಕವಚ. ಕಪೋನ್ ಎಂಬುದು ಶಿಕಾಗೊದ ಪಾತಕಿ ಅಲ್ ಕಪೋನ್‌ನ ಹೆಸರು. ನೋರಿಯಾಗ ಎಂಬುದು ಪನಾಮಾದ ಸರ್ವಾಧಿಕಾರಿ ಮ್ಯಾನುಯೆಲ್ ನೊರಿಯೆಗಾನಿಂದ ಬಂದದ್ದು. ೧೯೮೯ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆ ಪನಾಮಾಕ್ಕೆ ನುಗ್ಗಿತು. ಮರುತಿಂಗಳು ಅವನನ್ನು ಹಿಡಿದೊಯ್ದು ಮಾದಕವಸ್ತು ಸಾಗಣೆಯ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಿತು. ಈ ಜೋಡಿಯ ಹಿರಿಯ ಮಾರ್ಗದರ್ಶಕ, ಕ್ವೀನ್ಸ್‌ಬ್ರಿಜ್‌ನ ಟ್ರ್ಯಾಜಡಿ, ತನ್ನ ಹೆಸರಿಗೆ ‘ಖಡಾಫಿ’ ಎಂದು ಸೇರಿಸಿಕೊಂಡ. ೧೯೮೬ರಲ್ಲಿ ಅಮೆರಿಕದ ವಿಮಾನಗಳು ಬಾಂಬು ಸುರಿಸಿದ್ದು ಲಿಬಿಯಾದ ಗಡಾಫಿಯ ನೆಲದ ಮೇಲೆ. ಅವರ ಗೆಳೆಯರ ಬಳಗದಲ್ಲಿ ಕ್ಯಾಸ್ಟ್ರೊ, ಮುಸಲಿನಿ ಎಂಬ ಹೆಸರಿನವರೂ ಇದ್ದರು. ಈ ಪಟ್ಟಿಯಲ್ಲಿ ಸೈದ್ಧಾಂತಿಕ ಸಾಂಗತ್ಯವೇನೂ ಇಲ್ಲ. ಕಮ್ಯುನಿಸ್ಟನೂ ಫ್ಯಾಸಿಸ್ಟನೂ ಪಾತಕಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರನ್ನು ಕೂಡಿಸುವ ಎಳೆ ಒಂದೇ: ಎಲ್ಲರೂ ಅಮೆರಿಕದ ಪ್ರಭುತ್ವ ಒಂದಲ್ಲ ಒಂದು ಕಾಲದಲ್ಲಿ ಶತ್ರುವೆಂದು ಸಾರಿದವರು. ಪ್ರಭುತ್ವದ ಕಣ್ಣಿಗೆ ಶತ್ರುವಾಗಿಯೇ ಕಾಣುವುದಾದರೆ ಶತ್ರುವಿನ ಹೆಸರನ್ನೇ ಹೊತ್ತುಕೊಳ್ಳುವುದು ಎಂಬ ಹಟ ಈ ನಾಮಕರಣದ ಒಳಗಿದೆ.

ಈ ಹಟಕ್ಕೆ ಚಿತ್ರಗಳನ್ನು ಒದಗಿಸಿದ್ದು ದೂರದರ್ಶನದ ಪರದೆ. ೧೯೯೧ರ ಜನವರಿ ೧೭ರ ಮುಂಜಾವಿನಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳತೊಡಗಿದಾಗ ಸಿಎನ್‌ಎನ್ ವಾಹಿನಿಯ ವರದಿಗಾರರು ಅಲ್ಲಿನ ಅಲ್ ರಶೀದ್ ಹೋಟೆಲಿನ ಕೋಣೆಯಿಂದ ನೇರ ವರದಿ ನೀಡಿದರು. ಯುದ್ಧವೊಂದು ನಡೆಯುತ್ತಿರುವಾಗಲೇ ಮನೆಮನೆಯ ನಡುಮನೆಗೆ ಬಂದಿಳಿದ ಅಪೂರ್ವ ಸಂದರ್ಭ ಅದು. ಆಗ ಕಪೋನ್, ನೋರಿಯಾಗ ಹದಿನಾಲ್ಕರ ಆಸುಪಾಸಿನ ಹುಡುಗರು. ಆರು ವರ್ಷಗಳ ನಂತರ ಅವರ ಜೋಡಿಯ ಹೆಸರಿನ ಮೊದಲಕ್ಷರಗಳು ಇಂಗ್ಲಿಷಿನಲ್ಲಿ ಸಿ, ಎನ್, ಎನ್ ಎಂದಾದವು. ರ‍್ಯಾಪ್ ಎಂಬುದು ಕರಿಯರ ಸಿಎನ್‌ಎನ್ ಎಂಬ ಮಾತು ಪಬ್ಲಿಕ್ ಎನಿಮಿ ತಂಡದ ಚಕ್ ಡಿ ಹೆಸರಿನಲ್ಲಿ ಅದಾಗಲೇ ಪ್ರಸಿದ್ಧವಾಗಿತ್ತು. ಈ ಜೋಡಿ ಆ ಉಪಮೆಯನ್ನು ಅಕ್ಷರಶಃ ಮಾಡಿಕೊಂಡಿತು. ಜೋಡಿಯ ಹೆಸರು ವಾಹಿನಿಯದು, ಆಲ್ಬಮ್ಮಿನ ಹೆಸರು ವರದಿಯದು, ಬಡಾವಣೆಗಳ ಹೆಸರು ರಣರಂಗದ್ದು. ಒಂದು ಹಾಡಿನ ಹೆಸರಂತೂ ‘ಚಾನಲ್ ಟೆನ್’. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ವಾಹಿನಿಯ ವರದಿಗಾರ ಹೋಟೆಲಿನ ಕಿಟಕಿಯಿಂದ ಯುದ್ಧವನ್ನು ಕಾಣುತ್ತಾನೆ ಮತ್ತು ಮುಗಿದ ಮೇಲೆ ಹಿಂದಿರುಗುತ್ತಾನೆ. ಇಲ್ಲಿನ ವರದಿಗಾರನಿಗೆ ಹಿಂದಿರುಗಲು ಬೇರೆ ಊರಿಲ್ಲ.

ಪರದೆಯ ಈ ನಕಾಶೆಗಿಂತಲೂ ಹಳೆಯದಾದ ಇನ್ನೊಂದು ನಕಾಶೆ ಆ ಬೀದಿಗಳಲ್ಲಿತ್ತು. ೧೯೬೪ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ನೇಷನ್ ಎಂಬ ಪಂಥ, ನೇಷನ್ ಆಫ್ ಇಸ್ಲಾಂ ಸಂಘಟನೆಯಿಂದ ಸಿಡಿದು ಬಂದದ್ದು. ನ್ಯೂಯಾರ್ಕಿನ ರ‍್ಯಾಪ್ ನುಡಿಗಟ್ಟಿನ ಮೇಲೆ ಇದರ ಪ್ರಭಾವ ಆಳವಾದದ್ದು. ಈ ಪಂಥದವರು ನಗರವನ್ನು ತಮ್ಮದೇ ರೀತಿಯಲ್ಲಿ ಮರುನಾಮಕರಣ ಮಾಡಿದ್ದರು. ಹಾರ್ಲೆಮ್ ಅವರಿಗೆ ಮೆಕ್ಕಾ, ಬ್ರೂಕ್ಲಿನ್ ಮದೀನಾ, ನ್ಯೂಜೆರ್ಸಿ ಹೊಸ ಜೆರೂಸಲೇಂ. ಕ್ವೀನ್ಸ್ ಏನು? ಮರುಭೂಮಿ. ಪವಿತ್ರ ಕ್ಷೇತ್ರಗಳ ಈ ಭೂಗೋಳದಲ್ಲಿ ಕ್ವೀನ್ಸ್‌ಗೆ ಸಿಕ್ಕಿದ್ದು ಬರಿಯ ಮರಳು. ಇದನ್ನು ಅರಿತ ಮೇಲೆ ಇರಾಕ್, ಕುವೈತ್ ಎಂಬ ಹೆಸರುಗಳು ಎಲ್ಲಿಂದಲೋ ಹಾರಿಬಂದವಾಗಿ ಕಾಣುವುದಿಲ್ಲ. ಮರುಭೂಮಿಯೆಂದು ಮೊದಲೇ ಕರೆಯಲಾಗಿದ್ದ ನೆಲದ ಮೇಲೆ ೧೯೯೧ರ ಮರುಭೂಮಿ ಯುದ್ಧದ ಹೆಸರುಗಳು ಬಂದು ಕೂತವು. ಹಿರಿಯ ತಲೆಮಾರು ತನ್ನ ಬೀದಿಗೆ ಪುಣ್ಯಕ್ಷೇತ್ರದ ಹೆಸರಿಟ್ಟು ಘನತೆಯನ್ನು ಬಯಸಿತ್ತು. ಕಿರಿಯ ತಲೆಮಾರು ರಣಕ್ಷೇತ್ರದ ಹೆಸರಿಟ್ಟು ಬದುಕುಳಿಯುವುದನ್ನಷ್ಟೇ ಬಯಸಿತು. ಮೂವತ್ತು ವರ್ಷಗಳಲ್ಲಿ ಒಂದು ಸಮುದಾಯದ ಆಸೆ ಎಷ್ಟು ಕುಗ್ಗಿತೆಂಬುದನ್ನು ಈ ಎರಡು ನಾಮಕರಣಗಳ ನಡುವಿನ ಅಂತರ ಹೇಳುತ್ತದೆ.

ಹೆಸರುಗಳಿಂದ ಧ್ವನಿಗೆ ಬರಬೇಕು. ರ‍್ಯಾಪ್‌ನಲ್ಲಿ ಜೋಡಿಯೆಂಬುದು ಒಂದು ರೂಪವಿಧಾನ. ಇಬ್ಬರು ಒಂದೇ ಲಯದ ಮೇಲೆ ಒಬ್ಬರ ಬಳಿಕ ಒಬ್ಬರು ನುಡಿಯುತ್ತಾರೆ. ಒಬ್ಬನ ಪ್ರಾಸ ಮುಗಿಯುವಲ್ಲಿ ಇನ್ನೊಬ್ಬನ ಮಾತು ಹುಟ್ಟುತ್ತದೆ. ಅದೇ ಕ್ವೀನ್ಸ್‌ಬ್ರಿಜ್‌ನಿಂದ ಬಂದ ಮಾಬ್ ಡೀಪ್ ಜೋಡಿ ೧೯೯೫ರಲ್ಲಿ ಈ ವಿಧಾನಕ್ಕೆ ಒಂದು ತಣ್ಣನೆಯ, ಕತ್ತಲು ಕವಿದ ಮಾದರಿಯನ್ನು ಕೊಟ್ಟಿತ್ತು. ಕಪೋನ್‌ನದು ಗಡುಸು ದನಿ. ಅಳೆದಂತೆ ಲಯಕ್ಕೆ ಹೊಂದಿ ನಡೆಯುವ ನುಡಿ. ನೋರಿಯಾಗನದು ಲಯದಿಂದ ಆಗಾಗ ಹೊರಗೆ ಚಾಚಿ ಮತ್ತೆ ಒಳಬರುವ, ವ್ಯಾಕರಣವನ್ನು ಲೆಕ್ಕಿಸದ, ಕೂಗನ್ನೂ ಉದ್ಗಾರವನ್ನೂ ಪದವಾಗಿಸುವ ನುಡಿ. ಒಬ್ಬ ಗೋಡೆ, ಇನ್ನೊಬ್ಬ ಆ ಗೋಡೆಗೆ ಚೆಂಡೆಸೆಯುವವನು. ಇಂತಹ ಜೋಡಿಯಲ್ಲಿ ಒಬ್ಬರಿಲ್ಲದಿದ್ದರೆ ಉಳಿದವನ ನುಡಿಗೆ ತಗಲಿ ಮರಳುವ ಗೋಡೆಯೇ ಇರುವುದಿಲ್ಲ.

ಆದದ್ದು ಅದೇ. ಆಲ್ಬಮ್ಮಿನ ಮುದ್ರಣ ನಡೆಯುತ್ತಿರುವಾಗ, ೧೯೯೬ರಲ್ಲಿ, ಪೆರೋಲ್ ಷರತ್ತನ್ನು ಮುರಿದ ಕಾರಣಕ್ಕೆ ಕಪೋನ್ ಮತ್ತೆ ಸೆರೆಗೆ ಹೋದ. ಪೆರೋಲಿನ ಮೇಲೆ ಹೊರಬಂದವನು ಬಿಡುಗಡೆಯಾದವನಲ್ಲ; ಶಿಕ್ಷೆಯ ಉಳಿದ ಭಾಗವನ್ನು ಗೋಡೆಯ ಹೊರಗೆ ಕಳೆಯಲು ಅನುಮತಿ ಪಡೆದವನಷ್ಟೇ. ಆ ಅನುಮತಿ ತಪ್ಪಿದರೆ ದಾರಿ ಮತ್ತೆ ಒಳಕ್ಕೇ. ಸೆರೆಗೆ ಹೋಗುವ ಮೊದಲು ಅವನು ಮುದ್ರಿಸಿಟ್ಟಿದ್ದ ನುಡಿಗಳಷ್ಟೇ ಉಳಿದವು. ಉಳಿದ ಜಾಗವನ್ನು ನೋರಿಯಾಗ ಒಂಟಿಯಾಗಿ ತುಂಬಿದ. ಹಾಡಿನಿಂದ ಹಾಡಿಗೆ ಟ್ರ್ಯಾಜಡಿ ಖಡಾಫಿ ಮೂರನೆಯವನಾಗಿ, ಕೆಲವೊಮ್ಮೆ ಎರಡನೆಯವನಾಗಿ ಬಂದು ನಿಂತ. ಟ್ರ್ಯಾಜಡಿ ಸ್ವತಃ ಹದಿಹರೆಯದಲ್ಲಿ ಸೆರೆ ಕಂಡವನು. ೧೯೯೦ರಲ್ಲಿ ‘ಇಂಟಲಿಜೆಂಟ್ ಹುಡ್ಲಂ’ ಎಂಬ ಹೆಸರಿನಲ್ಲಿ ರಾಜಕೀಯ ಪ್ರಜ್ಞೆಯ ಆಲ್ಬಮ್ಮೊಂದನ್ನು ತಂದಿದ್ದವನು. ಈ ಕೃತಿಯ ಭೂಗೋಳ ಮತ್ತು ಪರಿಭಾಷೆಗಳ ಹಿಂದೆ ಅವನ ಕೈ ದೊಡ್ಡದು. ಹೀಗೆ ಕಪೋನ್ ಒಳಗಿರುವಾಗಲೇ ಆಲ್ಬಂ ಅಂಗಡಿಗಳಿಗೆ ಬಂತು. ತನ್ನ ಹೆಸರು ಹೊತ್ತ ಮೊದಲ ಕೃತಿ ಲೋಕಕ್ಕೆ ಬಂದ ದಿನ ಅವನು ಲೋಕದಲ್ಲಿರಲಿಲ್ಲ.

ಕೃತಿ ಈ ಗೈರುಹಾಜರಿಯನ್ನು ಮುಚ್ಚಿಡುವುದಿಲ್ಲ ಎಂಬುದೇ ಅದರ ಬಹುಮುಖ್ಯ ಗುಣ. ಒಂದು ಹಾಡಿನ ಹೆಸರು ‘ಪೆರೋಲ್ ವಯೊಲೇಟರ್ಸ್’, ಅಂದರೆ ಪೆರೋಲ್ ಮುರಿದವರು. ಇನ್ನೊಂದು ‘ಲಿವ್ ಆನ್ ಲಿವ್ ಲಾಂಗ್’. ಆ ಶೀರ್ಷಿಕೆಯೇ ಬದುಕಿರು, ಬಹುಕಾಲ ಬದುಕಿರು ಎಂಬ ಹಾರೈಕೆ. ಹಾಡುಗಳ ನಡುವೆ ‘ಕಪೋನ್ ಫೋನ್ ಟೈಮ್’ ಎಂಬ ಚಿಕ್ಕ ತುಣುಕೊಂದಿದೆ. ಸೆರೆಮನೆಯಲ್ಲಿ ದೂರವಾಣಿಯ ಹೊತ್ತು ನಿಮಿಷಗಳಲ್ಲಿ ಅಳೆದು ಕೊಡುವಂಥದ್ದು. ಆ ಅಳತೆಯ ಹೊತ್ತೇ ಇಲ್ಲಿ ಶೀರ್ಷಿಕೆಯಾಗಿದೆ. ಪೂರ್ಣ ಹಾಡನ್ನು ಹಾಡಲಾಗದವನು ಆಲ್ಬಮ್ಮಿನೊಳಗೆ ಒಂದು ದೂರವಾಣಿ ಕರೆಯ ಜಾಗವನ್ನು ಪಡೆಯುತ್ತಾನೆ. ಬಂದೂಕಿನ ಹೆಸರುಗಳೂ ಬೆದರಿಕೆಗಳೂ ಈ ಆಲ್ಬಮ್ಮಿನಲ್ಲಿ ಹೇರಳವಾಗಿವೆ. ಆದರೆ ಯುದ್ಧದ ರೂಪಕಕ್ಕೆ ಅವು ಸಾಕ್ಷ್ಯವಾಗುವುದಿಲ್ಲ. ಅಬ್ಬರ ಯಾರಿಗೂ ಸಾಧ್ಯ. ಇಬ್ಬರು ಕೂಡಿ ಕಟ್ಟಬೇಕಾದ ಕೃತಿಯಲ್ಲಿ ಒಬ್ಬನ ದನಿ ನಡುನಡುವೆ ಇಲ್ಲವಾಗುವುದು, ಆ ಖಾಲಿ ಜಾಗವನ್ನು ಉಳಿದವರು ಹೆಗಲು ಕೊಟ್ಟು ತುಂಬುವುದು, ತುಂಬಿದರೂ ಅದು ಖಾಲಿಯೆಂದು ಕೇಳುಗನಿಗೆ ತಿಳಿಯುತ್ತಲೇ ಇರುವುದು — ಸಾಕ್ಷ್ಯವಿರುವುದು ಇಲ್ಲಿ. ಮಾತು ಹೇಳಲಾಗದ್ದನ್ನು ಇಲ್ಲಿ ಕೃತಿಯ ಕಟ್ಟಡವೇ ಹೇಳುತ್ತದೆ. ಯುದ್ಧಕ್ಕೆ ಹೋದ ಮನೆಮಂದಿಯ ಪಾಲಿನ ತಟ್ಟೆಯನ್ನು ಎತ್ತಿಡದೆ ಹಾಗೆಯೇ ಬಿಟ್ಟ ಊಟದ ಮನೆಯಂತೆ ಈ ಆಲ್ಬಂ ಇದೆ.

ರೂಪಕ ನಿಜವಾಗುವ ಎಡೆ ಇದಾದರೆ, ಅದು ಸೋಲುವ ಎಡೆಗಳೂ ಇದೇ ಕೃತಿಯಲ್ಲಿವೆ. ಜೋಡಿಗೆ ಮೊದಲು ಹೆಸರು ತಂದ ಹಾಡುಗಳಲ್ಲಿ ಒಂದು ‘ಎಲ್.ಎ., ಎಲ್.ಎ.’. ಕ್ಯಾಲಿಫೋರ್ನಿಯಾದ ದ ಡಾಗ್ ಪೌಂಡ್ ಜೋಡಿ ಸ್ನೂಪ್ ಡಾಗ್ ಜೊತೆ ೧೯೯೫ರಲ್ಲಿ ತಂದ ‘ನ್ಯೂಯಾರ್ಕ್, ನ್ಯೂಯಾರ್ಕ್’ ಹಾಡಿಗೆ ಕೊಟ್ಟ ಜವಾಬು ಅದು. ಮಾಬ್ ಡೀಪ್ ಮತ್ತು ಟ್ರ್ಯಾಜಡಿ ಕೂಡ ಅದರಲ್ಲಿ ದನಿಗೂಡಿಸಿದ್ದಾರೆ. ಆಲ್ಬಮ್ಮಿನಲ್ಲಿರುವ ರೂಪಕ್ಕೆ ‘ಕುವೈತ್ ಮಿಕ್ಸ್’ ಎಂದು ಹೆಸರು. ಸವಾಲು ಜವಾಬುಗಳ ಹಾಡುಗಾರಿಕೆ ಹಿಪ್ ಹಾಪ್‌ಗೆ ಹೊಸದಾಗಿರಲಿಲ್ಲ. ೧೯೮೦ರ ದಶಕದ ನಡುವಿನಲ್ಲಿ ಇದೇ ಕ್ವೀನ್ಸ್‌ಬ್ರಿಜ್‌ನ ಎಂ.ಸಿ. ಶಾನ್‌ಗೂ ಸೌತ್ ಬ್ರಾಂಕ್ಸ್‌ನ ಕೆಆರ್‌ಎಸ್-ಒನ್‌ಗೂ ನಡೆದ ವಾದ ಇಂದಿಗೂ ಪ್ರಸಿದ್ಧ. ಆ ವಾದ ಹಾಡಿನಲ್ಲೇ ಹುಟ್ಟಿ ಹಾಡಿನಲ್ಲೇ ಮುಗಿದಿತ್ತು. ೧೯೯೦ರ ದಶಕದಲ್ಲಿ ಹಾಗಾಗಲಿಲ್ಲ. ೧೯೯೬ರ ಸೆಪ್ಟೆಂಬರಿನಲ್ಲಿ ಟೂಪಾಕ್ ಶಕೂರ್, ೧೯೯೭ರ ಮಾರ್ಚಿನಲ್ಲಿ ನಟೋರಿಯಸ್ ಬಿ.ಐ.ಜಿ. ಗುಂಡಿಗೆ ಬಲಿಯಾದರು. ಎರಡನೆಯ ಸಾವಿನ ನಂತರ ಮೂರು ತಿಂಗಳಿಗೆ ಈ ಆಲ್ಬಂ ಬಂತು. ಆಗ ‘ಯುದ್ಧ’ವೆಂಬ ಪದಕ್ಕೆ ಪ್ರಭುತ್ವದೆದುರಿನ ಯುದ್ಧವೆಂಬ ಅರ್ಥ ಮಾತ್ರ ಉಳಿದಿರಲಿಲ್ಲ. ಒಂದೇ ಬಗೆಯ ಬೀದಿಗಳಿಂದ ಬಂದ ಎರಡು ಕರಾವಳಿಗಳ ಹುಡುಗರು ಪರಸ್ಪರರನ್ನು ಶತ್ರುವೆಂದು ಕರೆಯತೊಡಗಿದ್ದರು. ಪ್ರಭುತ್ವ ತಮಗೆ ಹಚ್ಚಿದ ಶತ್ರುವೆಂಬ ಹಣೆಪಟ್ಟಿಯನ್ನು ಅವರು ಕಳಚಿ ಎಸೆಯಲಿಲ್ಲ. ತಮ್ಮಂಥವನೇ ಆದ ಇನ್ನೊಬ್ಬನ ಹಣೆಗೆ ಹಚ್ಚಿದರು.

ಎರಡನೆಯ ಸೋಲು ಭಾಷೆಯಲ್ಲಿಯೇ ಇದೆ. ಈ ಹಾಡುಗಳಲ್ಲಿ ಹೆಣ್ಣು ಬಹುಪಾಲು ಭೋಗವಸ್ತು, ಇಲ್ಲವೇ ಹೊರೆ. ಜೈಲಿನ ದೂರದ ದಾರಿಯಲ್ಲಿ ಬಸ್ಸು ಹತ್ತಿ ಹೋಗುವ ತಾಯಿಯೂ ಸಂಗಾತಿಯೂ ಈ ವರದಿಯಲ್ಲಿ ವರದಿಗಾರರಾಗುವುದಿಲ್ಲ. ಯುದ್ಧವರದಿಯೆಂದು ಕರೆದುಕೊಳ್ಳುವ ಕೃತಿ ಯುದ್ಧದ ಭಾರವನ್ನು ಹೆಚ್ಚು ಹೊತ್ತವರ ದನಿಯನ್ನೇ ಬಿಟ್ಟುಬಿಡುತ್ತದೆ. ಬೀದಿಯ ಭಾಷೆ ಹಾಗಿದೆ, ಕೃತಿ ಅದನ್ನು ಹಾಗೆಯೇ ಹಿಡಿದಿದೆ ಎಂಬ ಸಮರ್ಥನೆ ಸಾಮಾನ್ಯವಾಗಿ ಕೇಳಿಬರುತ್ತದೆ. ವರದಿಯೆಂಬ ಹೆಸರಿಗೆ ಅದು ಒಪ್ಪಬಹುದು. ಆದರೆ ಯಾರನ್ನು ಮಾತಾಡಿಸಬೇಕು, ಯಾರನ್ನು ಬಿಡಬೇಕು ಎಂಬ ಆಯ್ಕೆ ವರದಿಗಾರನದೇ. ಆ ಆಯ್ಕೆಯ ಹೊಣೆಯಿಂದ ಬೀದಿ ಅವನನ್ನು ಪಾರುಮಾಡದು.

ಮೂರನೆಯದು ಎಲ್ಲಕ್ಕಿಂತ ತೊಡಕಿನದು. ಇರಾಕ್, ಕುವೈತ್ ಎಂಬವು ರೂಪಕವಾಗುವ ಮೊದಲು ಊರುಗಳು. ೧೯೯೧ರ ಫೆಬ್ರವರಿ ೧೩ರಂದು ಬಾಗ್ದಾದಿನ ಅಮಿರಿಯಾ ಆಶ್ರಯತಾಣದ ಮೇಲೆ ಬಿದ್ದ ಬಾಂಬುಗಳಿಂದ ನಾನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ೧೯೯೦ರ ಆಗಸ್ಟಿನಲ್ಲಿ ವಿಧಿಸಿದ ಆರ್ಥಿಕ ದಿಗ್ಬಂಧನ ಈ ಆಲ್ಬಂ ಬಂದಾಗಲೂ ಮುಂದುವರಿದಿತ್ತು. ತೈಲಕ್ಕೆ ಬದಲು ಆಹಾರವೆಂಬ ಯೋಜನೆಯ ಮೊದಲ ಧಾನ್ಯ ಇರಾಕನ್ನು ಮುಟ್ಟಿದ್ದು ೧೯೯೭ರ ಮಾರ್ಚಿನಲ್ಲಿ. ಕುವೈತ್ ಎಂಬ ಹೆಸರಿನ ಮತ್ತೊಂದು ಅರ್ಥವನ್ನು ಕನ್ನಡದ ಕರಾವಳಿ ಬಲ್ಲದು. ಮಂಗಳೂರು, ಉಡುಪಿ ಸೀಮೆಯ ಎಷ್ಟೋ ಮನೆಗಳಿಗೆ ಕುವೈತ್ ಎಂದರೆ ತಿಂಗಳ ಹಣ, ತಂಗಿಯ ಮದುವೆ, ಮನೆಯ ಹೆಂಚು. ೧೯೯೦ರ ಆಗಸ್ಟ್ ೨ರಂದು ಇರಾಕಿನ ಸೇನೆ ಆ ದೇಶವನ್ನು ಆಕ್ರಮಿಸಿದ ಬಳಿಕ ಒಂದೂಮುಕ್ಕಾಲು ಲಕ್ಷದಷ್ಟು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ವರ್ಷಗಳ ದುಡಿಮೆಯನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಬಂದವರು ಅವರಲ್ಲಿ ಅನೇಕರು. ಅವರಿಗೆ ಕುವೈತ್ ಎಂಬುದು ಶೌರ್ಯದ ಹೆಸರಲ್ಲ, ಕಳೆದುಕೊಂಡ ಸಂಬಳದ ಹೆಸರು. ಕ್ವೀನ್ಸ್‌ನ ಹುಡುಗರು ಪರದೆಯಿಂದ ಹೆಸರುಗಳನ್ನು ಎತ್ತಿಕೊಂಡರು. ಆ ಹೆಸರುಗಳಡಿಯಲ್ಲಿ ಬದುಕಿದ್ದ ಜನರನ್ನು ಪರದೆ ಅವರಿಗೆ ತೋರಿಸಿಯೇ ಇರಲಿಲ್ಲ. ಹೀಗೆ ಸಿಎನ್‌ಎನ್‌ನ ಕುರುಡು ಅದನ್ನು ಅಣಕಿಸಲು ಹೊರಟ ಜೋಡಿಗೂ ತಗಲಿತು. ನೊಂದವನು ತನ್ನ ನೋವನ್ನು ಹೇಳಲು ಇನ್ನೊಬ್ಬನ ನೋವಿನ ಹೆಸರನ್ನು ಕಡ ತರುತ್ತಾನೆ. ಆ ಕಡವನ್ನು ತೀರಿಸುವ ಮಾತು ಈ ಆಲ್ಬಮ್ಮಿನಲ್ಲಿ ಎಲ್ಲಿಯೂ ಇಲ್ಲ.

ಆದರೂ ಆ ಕಡವನ್ನು ಕೇವಲ ಅಪರಾಧವೆಂದು ಬರೆದುಬಿಡುವುದು ನ್ಯಾಯವಾಗದು. ತನ್ನ ದೇಶದ ಸೇನೆ ಹೊರಗೆ ಯಾರನ್ನು ಶತ್ರುವೆನ್ನುತ್ತದೆಯೋ, ತನ್ನ ನಗರದ ಪೊಲೀಸರು ಒಳಗೆ ತನ್ನನ್ನು ಅದೇ ಕಣ್ಣಿನಿಂದ ನೋಡುತ್ತಾರೆಂಬ ಗ್ರಹಿಕೆ ಹದಿಹರೆಯದ ಹುಡುಗನೊಬ್ಬನಲ್ಲಿ ಹುಟ್ಟಿದ್ದು ಸಣ್ಣ ಸಂಗತಿಯಲ್ಲ. ‘ಮಾದಕವಸ್ತುಗಳ ಮೇಲಿನ ಯುದ್ಧ’ ಎಂಬ ಪದಪುಂಜವನ್ನು ಮೊದಲು ಬಳಸಿದ್ದು ರ‍್ಯಾಪ್ ಗಾಯಕರಲ್ಲ, ಪ್ರಭುತ್ವ. ೧೯೭೧ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕವಸ್ತುವನ್ನು ದೇಶದ ಮೊದಲ ಸಾರ್ವಜನಿಕ ಶತ್ರುವೆಂದು ಸಾರಿದ ದಿನದಿಂದ ಯುದ್ಧದ ಭಾಷೆ ಆಡಳಿತದ ಭಾಷೆಯಾಯಿತು. ಯುದ್ಧವೆಂದು ಸಾರಿದ ಮೇಲೆ ಅದಕ್ಕೊಂದು ರಣರಂಗ ಬೇಕು, ಸೆರೆಯಾಳುಗಳು ಬೇಕು. ರಣರಂಗವಾಗಿ ಆಯ್ಕೆಯಾದವು ಇಂಥ ಬಡಾವಣೆಗಳೇ. ‘ದಿ ವಾರ್ ರಿಪೋರ್ಟ್’ ಮಾಡಿದ್ದು ಒಂದು ಬಗೆಯ ಅನುವಾದವನ್ನು: ಪ್ರಭುತ್ವ ರೂಪಕವಾಗಿ ಆಡಿದ ಮಾತನ್ನು ಅದು ವಾಚ್ಯಾರ್ಥದಲ್ಲಿ ತೆಗೆದುಕೊಂಡಿತು.

ಕೃತಿಯ ಮುಂದಿನ ಬಾಳು ಕೂಡ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ೧೯೯೮ರಲ್ಲಿ ನೋರಿಯಾಗ ಒಂಟಿಯಾಗಿ ತಂದ ಆಲ್ಬಂ ಅವನನ್ನು ಜನಪ್ರಿಯನನ್ನಾಗಿ ಮಾಡಿತು. ಜೋಡಿಯ ಎರಡನೆಯ ಆಲ್ಬಮ್ಮಿಗಾಗಿ ೨೦೦೦ದವರೆಗೆ ಕಾಯಬೇಕಾಯಿತು. ಅದರ ಹೆಸರು ‘ದಿ ರಿಯೂನಿಯನ್’, ಪುನರ್ಮಿಲನ. ಹತ್ತು ವರ್ಷಗಳ ನಂತರ, ೨೦೧೦ರಲ್ಲಿ, ‘ದಿ ವಾರ್ ರಿಪೋರ್ಟ್’ನ ಎರಡನೆಯ ಭಾಗ ಬಂತು. ೨೦೧೬ರಿಂದ ನೋರಿಯಾಗ ತನ್ನ ತಲೆಮಾರಿನ ರ‍್ಯಾಪ್ ಕಲಾವಿದರನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿಸುವ ‘ಡ್ರಿಂಕ್ ಚಾಂಪ್ಸ್’ ಎಂಬ ಧ್ವನಿ ಸರಣಿಯಿಂದ ಪ್ರಸಿದ್ಧನಾದ. ಯುದ್ಧವರದಿ ನೀಡಿದವನು ಅದರ ಮೌಖಿಕ ಇತಿಹಾಸದ ಸಂಗ್ರಾಹಕನೂ ಆದನೆಂದು ಇದನ್ನು ಓದಬಹುದು. ಅತ್ತ ರಾಕ್‌ಫೆಲರ್ ಕಾಯಿದೆಗಳು ೨೦೦೪ ಮತ್ತು ೨೦೦೯ರ ತಿದ್ದುಪಡಿಗಳಿಂದ ಮೆತ್ತಗಾದವು. ೨೦೦೩ರಲ್ಲಿ ಅಮೆರಿಕದ ಸೇನೆ ಮತ್ತೊಮ್ಮೆ ಇರಾಕಿಗೆ ನುಗ್ಗಿತು. ಆ ನಂತರದ ವರ್ಷಗಳಲ್ಲಿ ಶಿಕಾಗೊದ ಯುವಕರು ತಮ್ಮ ನಗರವನ್ನು ‘ಶಿರಾಕ್’ ಎಂದು ಕರೆಯತೊಡಗಿದರು. ೨೦೧೫ರಲ್ಲಿ ಸ್ಪೈಕ್ ಲೀ ಆ ಹೆಸರಿನಲ್ಲೇ ಒಂದು ಚಲನಚಿತ್ರವನ್ನು ತಂದ. ಕ್ವೀನ್ಸ್‌ನ ನಾಮಕರಣವೇ ಶಿಕಾಗೊಗೆ ನೇರವಾಗಿ ಹೋಯಿತೆಂದು ಸಾಧಿಸಬೇಕಾದ ಅಗತ್ಯವಿಲ್ಲ. ಒಂದೇ ಸ್ಥಿತಿ ಬೇರೆ ಬೇರೆ ನಗರಗಳಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಹುಟ್ಟಿಸುತ್ತದೆ ಎಂಬುದೇ ಹೆಚ್ಚು ಕಳವಳದ ಸಂಗತಿ.

ಹಾಡುಪಠ್ಯವನ್ನು ಅಕ್ಷರಕ್ಕಿಳಿಸಿ ಓದುವ ಅಧ್ಯಯನ ವಿಧಾನಕ್ಕೆ ಈ ಆಲ್ಬಂ ಒಂದು ಪಾಠವನ್ನು ಕಲಿಸುತ್ತದೆ. ಇಲ್ಲಿನ ಸಾಲುಗಳನ್ನೆಲ್ಲ ಬರೆದುಕೊಂಡು, ರೂಪಕಗಳನ್ನು ಪಟ್ಟಿಮಾಡಿ, ಪ್ರಾಸಗಳನ್ನು ಎಣಿಸಿದರೂ ಕೃತಿಯ ಹೃದಯ ಕೈಗೆ ಸಿಗುವುದಿಲ್ಲ. ಏಕೆಂದರೆ ಅದು ಬರೆಯಲಾಗದ ಕಡೆ ಇದೆ. ಎರಡನೆಯ ದನಿ ಬರಬೇಕಾದ ಹೊತ್ತಿಗೆ ಬಾರದಿರುವುದು ಲಿಪ್ಯಂತರದಲ್ಲಿ ಕಾಣುವುದಿಲ್ಲ. ಕಿವಿಗೆ ಮಾತ್ರ ಗೊತ್ತಾಗುತ್ತದೆ. ಹಾಗೆ ಕೇಳುವವನಿಗೆ ಆಲ್ಬಮ್ಮಿನ ಬಂದೂಕುಗಳ ಸದ್ದು ಕ್ರಮೇಣ ಹಿಂದೆ ಸರಿಯುತ್ತದೆ. ಉಳಿಯುವುದು ಇಪ್ಪತ್ತರ ಹರೆಯದ ಒಬ್ಬ ಹುಡುಗ. ಜೋಡಿಯ ಹೆಸರನ್ನು ಒಬ್ಬನೇ ಹೊತ್ತು, ಹಾಡಿನಿಂದ ಹಾಡಿಗೆ ನಡೆಯುತ್ತ, ದೂರದ ಸೆರೆಮನೆಯಲ್ಲಿರುವ ಗೆಳೆಯನ ಪಾಲಿನ ಜಾಗವನ್ನು ಯಾರೂ ಶಾಶ್ವತವಾಗಿ ಆಕ್ರಮಿಸದಂತೆ ಕಾಯುತ್ತಿದ್ದಾನೆ.